ಹಾಕಿದ್ದು ನಾಲ್ಕು, ಕಂಡದ್ದು ಮೂರೂಕಾಲು

ಕಂಪ್ಯೂಟರಿನ ಮೆಮೊರಿಗೆ ಮೂರು ಕಡೆ ಲೆಕ್ಕವಿರುತ್ತದೆ. ರ‍್ಯಾಮ್ ಪಟ್ಟಿಯ ಮೇಲೆ ಅಂಟಿಸಿದ ಚೀಟಿಯದು ಒಂದು ಲೆಕ್ಕ. ಯಂತ್ರ ಶುರುವಾದ ಕೂಡಲೇ ಓಡುವ ಬಯಾಸ್ ಎಂಬ ಮೂಲ ತಂತ್ರಾಂಶ ಎಣಿಸಿಕೊಳ್ಳುವುದು ಇನ್ನೊಂದು. ವಿಂಡೋಸೋ ಲಿನಕ್ಸೋ ಕೊನೆಗೆ ತೋರಿಸುವುದು ಮೂರನೆಯದು. ಮೂರೂ ತಾಳೆಯಾಗುತ್ತಿದ್ದರೆ ಆ ಕಡೆ ಯಾರೂ ತಿರುಗಿ ನೋಡುವುದಿಲ್ಲ. ತಾಳೆಯಾಗದಿದ್ದಾಗ ಮೊದಲ ಅನುಮಾನ ಹೋಗುವುದು ಪಟ್ಟಿಯ ಮೇಲೆ, ಆಮೇಲೆ ಅದನ್ನು ಮಾರಿದ ಅಂಗಡಿಯವನ ಮೇಲೆ. ಆದರೆ 1981ರಿಂದ ಈಚೆಗೆ ಈ ದೂರು ಊರಿಗೆಲ್ಲ ಹರಡಿದಾಗ ಹೆಚ್ಚಾಗಿ ಮೆಮೊರಿ ಚಿಪ್ಪುಗಳು ಸರಿಯಾಗಿಯೇ ಇದ್ದವು. ಅವನ್ನು ಕರೆಯಲು ವಿಳಾಸ ಉಳಿದಿರಲಿಲ್ಲ. ಇಲ್ಲವೇ ಅವು ಇವೆ ಎಂಬ ಸುದ್ದಿ ತಲುಪಬೇಕಾದಲ್ಲಿಗೆ ತಲುಪಿರಲಿಲ್ಲ.

ಪ್ರೊಸೆಸರ್ ಮೆಮೊರಿಯ ಪ್ರತಿಯೊಂದು ಬೈಟನ್ನೂ ಒಂದು ಸಂಖ್ಯೆಯಿಂದ ಗುರುತಿಸುತ್ತದೆ, ಬೀದಿಯಲ್ಲಿ ಮನೆ ನಂಬರು ಇದ್ದ ಹಾಗೆ. ಎಷ್ಟು ನಂಬರು ಸಿಗುತ್ತದೆ ಎಂಬುದು ಪ್ರೊಸೆಸರಿನಿಂದ ಹೊರಡುವ ವಿಳಾಸದ ತಂತಿಗಳ ಮೇಲೆ ನಿಂತಿದೆ. ಒಂದು ತಂತಿ ಹೆಚ್ಚಿದರೆ ವಿಳಾಸ ಇಮ್ಮಡಿಯಾಗುತ್ತದೆ. 20 ತಂತಿಗೆ 10,48,576 ವಿಳಾಸ, ಅಂದರೆ 1 ಎಂಬಿ. 32 ತಂತಿಗೆ 429 ಕೋಟಿಗೂ ಹೆಚ್ಚು, ಅಂದರೆ 4 ಜಿಬಿ. ಈ ನಂಬರುಗಳೆಲ್ಲ ರ‍್ಯಾಮಿಗೇ ಮೀಸಲು ಎಂದುಕೊಳ್ಳುವುದರಿಂದ ಗೊಂದಲ ಶುರುವಾಗುತ್ತದೆ. ಪರದೆಗೆ ಚಿತ್ರ ಕಳಿಸುವ ಕಾರ್ಡು, ನೆಟ್‌ವರ್ಕ್ ಕಾರ್ಡು, ಬಯಾಸ್ ಚಿಪ್ಪು ಎಲ್ಲಕ್ಕೂ ಅದೇ ಸಾಲಿನಲ್ಲಿ ಜಾಗ ಕೊಡಬೇಕು. ಒಂದು ನಂಬರನ್ನು ಇವುಗಳಲ್ಲಿ ಯಾವುದಾದರೂ ಹಿಡಿದುಕೊಂಡರೆ, ಅದೇ ನಂಬರಿನ ರ‍್ಯಾಮ್ ಪ್ರೊಸೆಸರಿನ ಮಟ್ಟಿಗೆ ಇಲ್ಲದಂತೆಯೇ.

ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು, ಅಂದರೆ ಮಾಡೆಲ್ 5150 ಅನ್ನು, 1981ರ ಆಗಸ್ಟ್ 12ರಂದು ಹೊರತಂದಿತು. ಅದರೊಳಗಿದ್ದ ಇಂಟೆಲ್ 8088 ಪ್ರೊಸೆಸರಿಗೆ 20 ವಿಳಾಸದ ತಂತಿ. ಎಲ್ಲಕ್ಕಿಂತ ಅಗ್ಗದ ಯಂತ್ರದಲ್ಲಿ ಇದ್ದದ್ದು 16 ಕೆಬಿ ಮೆಮೊರಿ. ಮದರ್‌ಬೋರ್ಡಿನ ಮೇಲೆ ಹೆಚ್ಚೆಂದರೆ 64 ಕೆಬಿ ಹಿಡಿಯುತ್ತಿತ್ತು, ಇನ್ನೂ ಬೇಕೆಂದರೆ ಸ್ಲಾಟಿಗೆ ಕಾರ್ಡು ಹಾಕಬೇಕು. ಅಂಥ ಕಾಲದಲ್ಲಿ 1 ಎಂಬಿ ಎಂದರೆ ಖಾಲಿ ಬಿದ್ದ ಬಯಲು. ಆ ಬಯಲನ್ನು ಹಂಚಿದ ರೀತಿಗೆ 8088ರ ಎರಡು ಅಭ್ಯಾಸಗಳು ಕಾರಣ. ವಿದ್ಯುತ್ ಬಂದ ಕೂಡಲೇ ಅದು ಮೊದಲ ಆದೇಶವನ್ನು ಓದುತ್ತಿದ್ದದ್ದು ವಿಳಾಸದ ತುತ್ತತುದಿಗಿಂತ 16 ಬೈಟ್ ಕೆಳಗಿನಿಂದ. ಹಾಗಾಗಿ ವಿದ್ಯುತ್ ಹೋದರೂ ಅಳಿಯದ ಬಯಾಸ್ ತುದಿಯಲ್ಲೇ ಇರಬೇಕಾಯಿತು. ಇಂಟರಪ್ಟ್‌ಗಳ, ಅಂದರೆ ನಡುವೆ ಬಂದು ಗಮನ ಕೇಳುವ ಕರೆಗಳ, ಪಟ್ಟಿಯನ್ನು ಅದು ಹುಡುಕುತ್ತಿದ್ದದ್ದು ಕೆಳಗಿನ ಮೊದಲ 1 ಕೆಬಿಯಲ್ಲಿ. ಈ ಪಟ್ಟಿಯನ್ನು ತಿದ್ದುತ್ತಿರಬೇಕಾದ್ದರಿಂದ ಬುಡದಲ್ಲಿ ರ‍್ಯಾಮ್ ಬೇಕು. ಹೀಗೆ ರ‍್ಯಾಮ್ ಕೆಳಗಿನಿಂದ ಮೇಲಕ್ಕೆ ಬೆಳೆಯುವುದು, ಸಾಧನಗಳು ಮೇಲ್ಭಾಗದಲ್ಲಿ ನೆಲೆಸುವುದು ಎಂದಾಯಿತು. ಮೇಲಿನ 384 ಕೆಬಿಯಲ್ಲಿ ಪರದೆಗೆ 128 ಕೆಬಿ, ಮುಂದೆ ಬರುವ ಕಾರ್ಡುಗಳಿಗೆ ಒಂದಷ್ಟು, ಕಟ್ಟಕಡೆಗೆ ಬೇಸಿಕ್ ಭಾಷೆ ಮತ್ತು ಬಯಾಸ್. ರ‍್ಯಾಮಿಗೆ ಉಳಿದದ್ದು 640 ಕೆಬಿ.

640 ಕೆಬಿ ಎಂಬ ಗೆರೆಯನ್ನು ಎಳೆದದ್ದು ಮೈಕ್ರೋಸಾಫ್ಟ್ ಕಂಪನಿಯ ಆಪರೇಟಿಂಗ್ ಸಿಸ್ಟಂ ಡಾಸ್ ಎಂದು ಎಷ್ಟೋ ಪುಸ್ತಕಗಳು ಹೇಳುತ್ತವೆ. ಅದು ತಪ್ಪು. ಅದೇ 8088 ಹಾಕಿಕೊಂಡು, ಡಾಸ್ ಓಡಿಸುತ್ತಿದ್ದ ವಿಕ್ಟರ್ 9000 ಯಂತ್ರದ ಹಂಚಿಕೆ ಬೇರೆಯಾಗಿದ್ದುದರಿಂದ ಅದಕ್ಕೆ 896 ಕೆಬಿವರೆಗೆ ರ‍್ಯಾಮ್ ಸಿಗುತ್ತಿತ್ತು. ಐಬಿಎಂ ಯಂತ್ರವೇ ಮಾರುಕಟ್ಟೆ ಗೆದ್ದು, ಅದರ ನಕಲುಗಳೂ ಅದೇ ನಕ್ಷೆ ಹಿಡಿದದ್ದರಿಂದ 640 ಊರಿಗೆಲ್ಲ ನಿಯಮವಾಯಿತು. 640 ಕೆಬಿ ಯಾರಿಗಾದರೂ ಸಾಕು ಎಂದು ಬಿಲ್ ಗೇಟ್ಸ್ ಹೇಳಿದರೆಂಬ ಮಾತು ಇವತ್ತಿಗೂ ಓಡಾಡುತ್ತದೆ. ಹಾಗೆ ಹೇಳಿದ್ದಕ್ಕೆ ಆಧಾರ ಸಿಕ್ಕಿಲ್ಲ. ತಾನು ಹೇಳಿಲ್ಲವೆಂದು ಅವರೇ ಹೇಳಿದ್ದಾರೆ. ಹೇಳಿದ್ದರೂ ಗೆರೆ ಎಳೆದದ್ದು ಬೇರೆಯವರು.

640 ತಲುಪುವ ಮುಂಚೆಯೇ ಮೆಮೊರಿ ಕಾಣೆಯಾಗತೊಡಗಿತ್ತು. 5150 ತನ್ನಲ್ಲಿ ಎಷ್ಟು ಮೆಮೊರಿ ಇದೆ ಎಂದು ತಾನೇ ಹುಡುಕುತ್ತಿರಲಿಲ್ಲ, ಅದಕ್ಕೆ ಹೇಳಬೇಕಿತ್ತು. ಮದರ್‌ಬೋರ್ಡಿನ ಮೇಲೆ ಎಂಟೆಂಟು ಪುಟ್ಟ ಸ್ವಿಚ್ಚುಗಳ ಎರಡು ಕಟ್ಟುಗಳಿದ್ದವು. ಬೋರ್ಡಿನ ಮೇಲೆ ಎಷ್ಟು ಸಾಲು ಚಿಪ್ಪುಗಳಿವೆ ಎಂಬುದನ್ನು ಒಂದರಲ್ಲಿ, ಒಟ್ಟು ಎಷ್ಟು ಎಂಬುದನ್ನು ಇನ್ನೊಂದರಲ್ಲಿ ಪೆನ್ನಿನ ತುದಿಯಿಂದ ಮೇಲೆ ಕೆಳಗೆ ಸರಿಸಿ ತಿಳಿಸಬೇಕು. ಕಾರ್ಡು ಹಾಕಿ ಸ್ವಿಚ್ಚು ಮುಟ್ಟದಿದ್ದರೆ ಹೊಸ ಮೆಮೊರಿ ಅಲ್ಲೇ ಸುಮ್ಮನೆ ಕೂತಿರುತ್ತಿತ್ತು. ಸ್ವಿಚ್ಚು ಸರಿಯಿದ್ದವರಿಗೂ ಇನ್ನೊಂದು ತೊಡಕು ಕಾದಿತ್ತು. ಮೊದಲ ವರ್ಷದ ಬಯಾಸ್‌ಗೆ 544 ಕೆಬಿಯಿಂದಾಚೆಗೆ ಕಣ್ಣೇ ಇರಲಿಲ್ಲ. 1982ರ ಅಕ್ಟೋಬರ್ 27ರ ದಿನಾಂಕ ಹೊತ್ತ ಬಯಾಸ್ ಬಂದ ಮೇಲೆಯೇ ಪೂರಾ 640 ಕೆಬಿ ದಕ್ಕಿತು. ಆಗ ಬಯಾಸ್ ಬದಲಿಸುವುದೆಂದರೆ ಫೈಲ್ ಇಳಿಸಿಕೊಳ್ಳುವುದಲ್ಲ, ಸಾಕೆಟ್ಟಿನಿಂದ ಚಿಪ್ಪನ್ನೇ ಕಿತ್ತು ಬೇರೆ ಚಿಪ್ಪು ಕೂರಿಸುವುದು.

ಚಿಪ್ಪೇ ಕೆಟ್ಟಾಗ ಆ ಯಂತ್ರ ಈಗಿನವಕ್ಕಿಂತ ಸ್ಪಷ್ಟವಾಗಿ ಮಾತನಾಡುತ್ತಿತ್ತು ಎನ್ನಬೇಕು. ಪ್ರತಿ ಸಾಲಿನಲ್ಲಿ ಒಂಬತ್ತು ಚಿಪ್ಪು: ಎಂಟು ಮಾಹಿತಿಗೆ, ಒಂಬತ್ತನೆಯದು ಪ್ಯಾರಿಟಿ ತಾಳೆಗೆ. ಪರೀಕ್ಷೆಯಲ್ಲಿ ಒಂದು ಚಿಪ್ಪು ಎಡವಿದರೆ ಪರದೆಯ ಮೇಲೆ ನಾಲ್ಕು ಅಂಕೆ, ಅದರ ಪಕ್ಕ 201 ಎಂಬ ಸಂಖ್ಯೆ ಬರುತ್ತಿತ್ತು. 201 ಎಂದರೆ ಮೆಮೊರಿ ದೋಷ. ಮುಂದಿದ್ದ ಅಂಕೆಗಳಲ್ಲಿ ಮೊದಲ ಎರಡು ಯಾವ ಸಾಲು, ಉಳಿದೆರಡು ಆ ಸಾಲಿನ ಯಾವ ಚಿಪ್ಪು ಎಂದು ಸೂಚಿಸುತ್ತಿದ್ದವು. ರಿಪೇರಿಯವರು ಆ ಒಂದು ಚಿಪ್ಪನ್ನು ಮಾತ್ರ ತೆಗೆದು ಹೊಸದು ಹಾಕುತ್ತಿದ್ದರು. 1983ರ ಎಕ್ಸ್‌ಟಿ ಮಾದರಿಯಲ್ಲಿ ಎರಡನೇ ಸ್ವಿಚ್ ಕಟ್ಟು ಹೋಯಿತು, ಯಂತ್ರ ತಾನೇ ಎಣಿಸಿಕೊಳ್ಳಲು ಕಲಿಯಿತು. ಪರದೆಯ ಮೂಲೆಯಲ್ಲಿ ಕೆಬಿ ಸಂಖ್ಯೆ ಏರುತ್ತ ಹೋಗುವ ನೋಟ ಆಮೇಲಿನ ಇಪ್ಪತ್ತು ವರ್ಷ ಕಂಪ್ಯೂಟರ್ ಎಂದರೆ ಕಣ್ಣಿಗೆ ಕಟ್ಟುವಂಥದ್ದಾಯಿತು.

1984ರ ಆಗಸ್ಟಿನಲ್ಲಿ ಬಂದ ಐಬಿಎಂ ಪಿಸಿ ಎಟಿ ಯಂತ್ರದಲ್ಲಿ 80286 ಪ್ರೊಸೆಸರ್, 24 ವಿಳಾಸದ ತಂತಿ, 16 ಎಂಬಿವರೆಗೆ ಅವಕಾಶ. ಮೆಮೊರಿಯ ಲೆಕ್ಕವನ್ನು ಈಗ ಬ್ಯಾಟರಿ ಬಲದಿಂದ ಬದುಕುವ ಸೀಮಾಸ್ ಚಿಪ್ಪಿನಲ್ಲಿ ಬರೆದಿಡಲಾಗುತ್ತಿತ್ತು. ಬರೆದಿದ್ದಕ್ಕೂ ಎಣಿಸಿದ್ದಕ್ಕೂ ತಾಳೆಯಾಗದಿದ್ದರೆ 164 ಎಂಬ ಸಂಖ್ಯೆಯೊಡನೆ ಮೆಮೊರಿ ಗಾತ್ರ ತಪ್ಪಿದೆ ಎಂಬ ಸೂಚನೆ ಬರುತ್ತಿತ್ತು. ಫ್ಲಾಪಿಯಿಂದ ಸೆಟಪ್ ಓಡಿಸಿ ಸರಿಪಡಿಸಬೇಕು. ಬ್ಯಾಟರಿ ಸತ್ತಾಗಲೂ ಇಂಥ ಸೂಚನೆ ಬರುತ್ತಿದ್ದುದರಿಂದ, ಮೆಮೊರಿ ಕೆಟ್ಟಿತೆಂದು ಹೆದರಿದವರಿಗೆ ಸೆಲ್ ಬದಲಿಸಿದರೆ ಸಾಕಾಗುತ್ತಿತ್ತು.

ಎಟಿಯ ನಿಜವಾದ ತಲೆನೋವು ಹಳೆಯ ತಂತ್ರಾಂಶಗಳಿಂದ ಬಂತು. 8088ರಲ್ಲಿ ವಿಳಾಸ 1 ಎಂಬಿ ದಾಟಿದರೆ ಅದು ಸುತ್ತಿಕೊಂಡು ಸೊನ್ನೆಗೆ ಬರುತ್ತಿತ್ತು; ಕೆಲವು ತಂತ್ರಾಂಶಗಳು ಇದನ್ನೇ ನೆಚ್ಚಿಕೊಂಡಿದ್ದವು. 286ರಲ್ಲಿ ವಿಳಾಸ ಸುತ್ತದೆ ಮೇಲೆ ಹೋಗುವುದರಿಂದ ಅವು ಎಡವುತ್ತಿದ್ದವು. ಐಬಿಎಂ ಎಂಜಿನಿಯರುಗಳು ಎ20 ಎಂಬ ಇಪ್ಪತ್ತೊಂದನೇ ತಂತಿಗೆ ಒಂದು ಬಾಗಿಲು ಇಟ್ಟರು. ಬಾಗಿಲು ತೆರೆದು ಮುಚ್ಚುವ ಕೆಲಸವನ್ನು ಯಾವ ಚಿಪ್ಪಿಗೆ ವಹಿಸಿದರು ಎಂದರೆ, ಕೀಬೋರ್ಡ್ ನೋಡಿಕೊಳ್ಳುವ 8042 ಚಿಪ್ಪಿಗೆ. ಅದರಲ್ಲಿ ಒಂದು ಕಾಲು ಬಳಕೆಯಾಗದೆ ಉಳಿದಿತ್ತು, ಅಷ್ಟೇ ಕಾರಣ. ಮುಂದೆ ಎಷ್ಟೋ ವರ್ಷ, 1 ಎಂಬಿ ಮೇಲಿನ ಮೆಮೊರಿಯನ್ನು ಮುಟ್ಟಬೇಕಾದ ಪ್ರತಿಯೊಂದು ಆಪರೇಟಿಂಗ್ ಸಿಸ್ಟಂ ಮೊದಲು ಈ ಬಾಗಿಲು ತೆರೆದಿದೆಯೇ ಎಂದು ನೋಡಿಕೊಳ್ಳಬೇಕಾಯಿತು.

ಅಷ್ಟು ಮಾಡಿದರೂ ಡಾಸ್‌ಗೆ 1 ಎಂಬಿ ಮೇಲಿನ ಮೆಮೊರಿ ನೇರವಾಗಿ ದಕ್ಕಲಿಲ್ಲ. ಲೋಟಸ್ 1-2-3ರಲ್ಲಿ ದೊಡ್ಡ ದೊಡ್ಡ ಲೆಕ್ಕದ ಹಾಳೆ ಇಟ್ಟುಕೊಂಡವರಿಗೆ 640 ಕೆಬಿ ಸಾಲದಾದಾಗ, ಲೋಟಸ್, ಇಂಟೆಲ್, ಮೈಕ್ರೋಸಾಫ್ಟ್ ಕಂಪನಿಗಳು 1985ರಲ್ಲಿ ಒಟ್ಟು ಸೇರಿ ಎಕ್ಸ್‌ಪ್ಯಾಂಡೆಡ್ ಮೆಮೊರಿ ಎಂಬ ಏರ್ಪಾಡು ಮಾಡಿದವು. ಮೇಲಿನ 384 ಕೆಬಿಯಲ್ಲಿ 64 ಕೆಬಿಯ ಒಂದು ಕಿಂಡಿ. ಆ ಕಿಂಡಿಯಲ್ಲಿ 16 ಕೆಬಿಯ ನಾಲ್ಕು ತುಂಡುಗಳು ಬೇಕೆಂದಾಗ ಬಂದು ಹೋಗುವುದು. ವಿಳಾಸ ಸಾಲದಿದ್ದರೆ ಇದ್ದ ವಿಳಾಸವನ್ನೇ ಸರದಿಯ ಮೇಲೆ ಬಳಸುವ ಈ ಉಪಾಯ ಜಾಣತನದ್ದೇ, ಆದರೆ ಅದಕ್ಕೆಂದು ಬರೆದ ತಂತ್ರಾಂಶಕ್ಕೆ ಮಾತ್ರ ಉಪಯೋಗಕ್ಕೆ ಬರುತ್ತಿತ್ತು. 286ರ ಎತ್ತರದ ಮೆಮೊರಿಯನ್ನು ಹಂಚಿಕೊಳ್ಳುವ ಎಕ್ಸ್‌ಟೆಂಡೆಡ್ ಎಂಬ ಇನ್ನೊಂದು ಏರ್ಪಾಡು 1988ರಲ್ಲಿ ಬಂತು. ಎರಡರ ಹೆಸರು ಇಷ್ಟು ಹತ್ತಿರವಾದದ್ದು ಬಳಕೆದಾರರ ದುರದೃಷ್ಟ. ಒಂದು ಬೇಡುವ ಆಟಕ್ಕೆ ಇನ್ನೊಂದನ್ನು ಕೊಟ್ಟು, ನಾಲ್ಕು ಎಂಬಿ ಇದ್ದ ಯಂತ್ರದಲ್ಲೂ ಮೆಮೊರಿ ಸಾಲದು ಎಂಬ ಉತ್ತರ ಪಡೆದವರಿಗೆ ಲೆಕ್ಕವಿಲ್ಲ.

1991ರ ಜೂನಿನಲ್ಲಿ ಬಂದ ಡಾಸ್ 5 ತನ್ನ ಮೈಯ ಬಹುಭಾಗವನ್ನು 1 ಎಂಬಿ ಗಡಿಯಾಚೆಗಿನ 64 ಕೆಬಿಗೆ, ಸರಿಯಾಗಿ ಹೇಳಬೇಕೆಂದರೆ 65,520 ಬೈಟುಗಳಿಗೆ, ಸಾಗಿಸಬಲ್ಲದಾಗಿತ್ತು. ಎ20 ಬಾಗಿಲು ತೆರೆದಿಟ್ಟರೆ ಅಷ್ಟು ಮಾತ್ರ ಹಳೆಯ ಕ್ರಮದಲ್ಲೇ ಕೈಗೆ ಸಿಗುತ್ತಿತ್ತು. ಹೈಮೆಮ್, ಇಎಂಎಂ386, ಕ್ವಾರ್ಟರ್‌ಡೆಕ್ ಕಂಪನಿಯ ಕ್ಯೂಇಎಂಎಂ ಎಂಬ ಮೆಮೊರಿ ಹೊಂದಿಸುವ ತಂತ್ರಾಂಶಗಳನ್ನು ಕಾನ್ಫಿಗ್ ಫೈಲಿನಲ್ಲಿ ಯಾವ ಸಾಲು ಮೊದಲು, ಯಾವುದು ಆಮೇಲೆ ಎಂದು ಅದಲುಬದಲು ಮಾಡಿ, ಮೌಸ್ ಡ್ರೈವರನ್ನು ಮೇಲಕ್ಕೆ ತಳ್ಳಿ, 600 ಕೆಬಿ ಬಿಡುಗಡೆ ಮಾಡಿಕೊಳ್ಳುವುದು ಆ ಕಾಲದ ಕಂಪ್ಯೂಟರ್ ಬಲ್ಲವರ ಕಸುಬುಗಾರಿಕೆಯಾಗಿತ್ತು. ‘ಮೆಮ್’ ಎಂದು ಟೈಪಿಸಿ ಎಂಟರ್ ಒತ್ತಿದರೆ ಬರುವ, ಖಾಲಿ ಉಳಿದ ಮೆಮೊರಿಯ ಸಂಖ್ಯೆಯೇ ಅವರ ಅಂಕಪಟ್ಟಿ.

ಈ ನಡುವೆ ಚಿಪ್ಪುಗಳನ್ನು ಬಿಡಿಬಿಡಿಯಾಗಿ ಕೂರಿಸುವ ಪದ್ಧತಿ ಹೋಗಿ, ಒಂದು ಪಟ್ಟಿಯ ಮೇಲೆ ಬೆಸೆದ ಸಿಮ್ ಬಂತು. ಫೋನಿನ ಸಿಮ್‌ಗೂ ಇದಕ್ಕೂ ಸಂಬಂಧವಿಲ್ಲ. 30 ಕಾಲಿನ ಸಿಮ್ ಒಂದು ಸಲಕ್ಕೆ 8 ಬಿಟ್ ಕೊಡುತ್ತಿತ್ತು, 486 ಪ್ರೊಸೆಸರ್ ಕೇಳುತ್ತಿದ್ದದ್ದು 32 ಬಿಟ್. ಹಾಗಾಗಿ ನಾಲ್ಕು ಪಟ್ಟಿ ಒಟ್ಟಿಗೆ ಇರಲೇಬೇಕು. ಮೂರೇ ಹಾಕಿದರೆ ಮೂರೂ ಲೆಕ್ಕಕ್ಕಿಲ್ಲ. ಪೆಂಟಿಯಂ 64 ಬಿಟ್ ಕೇಳಿದಾಗ 72 ಕಾಲಿನ ಪಟ್ಟಿಗಳನ್ನು ಜೋಡಿಯಾಗಿ ಹಾಕಬೇಕಾಯಿತು. 168 ಕಾಲಿನ ಡಿಮ್ ಒಂದೇ 64 ಬಿಟ್ ಕೊಡುವಂತಾದ ಮೇಲೆ ಆ ತೊಂದರೆ ತೀರಿತು. ಡಿಮ್ ಪಟ್ಟಿಯ ಒಂದು ಕೊನೆಗೆ ಎಂಟು ಕಾಲಿನ ಪುಟ್ಟ ಚಿಪ್ಪೊಂದು ಕಾಣುತ್ತದೆ. ಪಟ್ಟಿಯ ಗಾತ್ರ, ವೇಗ, ಒಳಗಿನ ಸಾಲು ಕಂಬಗಳ ವಿವರ ಅದರಲ್ಲಿರುತ್ತದೆ. ಬಯಾಸ್ ಈಗ ತಡಕಿ ಎಣಿಸುವುದಿಲ್ಲ, ಇದನ್ನು ಓದಿಕೊಳ್ಳುತ್ತದೆ. ಈ ಚಿಪ್ಪಿನ ಬರಹ ಕೆಟ್ಟರೆ ಒಳ್ಳೆಯ ಪಟ್ಟಿಯೂ ಖಾಲಿ ಸ್ಲಾಟಿನಂತೆ ಕಾಣುವುದುಂಟು.

ತೊಂಬತ್ತರ ದಶಕದ ಮಿತಿಗಳು ಒಂದೊಂದೂ ಒಂದೊಂದು ತರಹದವು. 386 ಪ್ರೊಸೆಸರ್ 1985ರಲ್ಲೇ 32 ತಂತಿ ಕೊಟ್ಟಿತ್ತು, 4 ಜಿಬಿಗೆ ದಾರಿ ತೆರೆದಿತ್ತು. ಆದರೆ ಎಷ್ಟು ಮೆಮೊರಿ ಇದೆ ಎಂದು ಬಯಾಸನ್ನು ಕೇಳುವ ಹಳೆಯ ಕ್ರಮದಲ್ಲಿ ಉತ್ತರ ಬರುತ್ತಿದ್ದದ್ದು 16 ಬಿಟ್ಟಿನ ಒಂದು ಸಂಖ್ಯೆಯಾಗಿ, ಕೆಬಿ ಲೆಕ್ಕದಲ್ಲಿ. 65,535ಕ್ಕಿಂತ ದೊಡ್ಡ ಸಂಖ್ಯೆ ಅದರಲ್ಲಿ ಹಿಡಿಸದು. 128 ಎಂಬಿ ಹಾಕಿ ಲಿನಕ್ಸ್ 2.0 ಓಡಿಸಿದವರಿಗೆ 64 ಎಂಬಿ ಮಾತ್ರ ಕಂಡದ್ದು ಇದರಿಂದ. ಲಿನಕ್ಸನ್ನು ಶುರುಮಾಡುವ ಲಿಲೋ ಎಂಬ ತಂತ್ರಾಂಶದ ಫೈಲಿನಲ್ಲಿ ಮೆಮೊರಿ ಇಷ್ಟು ಎಂದು ಕೈಯಾರೆ ಬರೆದುಕೊಟ್ಟರೆ ಸರಿಹೋಗುತ್ತಿತ್ತು, ಹದಿನೈದು ವರ್ಷ ಹಿಂದಿನ ಸ್ವಿಚ್ಚು ಈ ರೂಪದಲ್ಲಿ ಮರಳಿತ್ತು. ಒಟ್ಟು ಮೊತ್ತ ಕೇಳುವುದನ್ನು ಬಿಟ್ಟು ಇಡೀ ನಕ್ಷೆಯನ್ನೇ, ಎಲ್ಲಿಂದ ಎಲ್ಲಿಯವರೆಗೆ ರ‍್ಯಾಮ್, ಎಲ್ಲೆಲ್ಲಿ ಮೀಸಲು ಎಂಬ ಪಟ್ಟಿಯನ್ನೇ, ಕೇಳಿ ಪಡೆಯುವ ಇ820 ಎಂಬ ಕ್ರಮ ಬಂದ ಮೇಲೆ ಈ ದೂರು ನಿಂತಿತು. ಲಿನಕ್ಸ್ ಶುರುವಾಗುವಾಗಿನ ದಾಖಲೆಯಲ್ಲಿ ಆ ಹೆಸರು ಇಂದಿಗೂ ಮೊದಲ ಸಾಲುಗಳಲ್ಲೇ ಬರುತ್ತದೆ. ಇನ್ನು ಹಳೆಯ ಕೆಲವು ಕಾರ್ಡುಗಳಿಗಾಗಿ 15ರಿಂದ 16 ಎಂಬಿವರೆಗಿನ ಜಾಗವನ್ನು ಖಾಲಿ ಬಿಡುವ ಒಂದು ಆಯ್ಕೆ ಬಯಾಸ್‌ನಲ್ಲಿತ್ತು. ಯಾರಾದರೂ ಗೊತ್ತಿಲ್ಲದೆ ಅದನ್ನು ಚಾಲೂ ಮಾಡಿದರೆ ಕೆಲವು ಆಪರೇಟಿಂಗ್ ಸಿಸ್ಟಂಗಳು ಆ ಗುಂಡಿಯ ಹತ್ತಿರವೇ ನಿಂತು, 15 ಎಂಬಿ ಮಾತ್ರ ಇದೆ ಎನ್ನುತ್ತಿದ್ದವು.

ಪ್ರೊಸೆಸರಿಗೂ ಮೆಮೊರಿಗೂ ನಡುವೆ ನಿಲ್ಲುವ ಇಂಟೆಲ್ 440ಬಿಎಕ್ಸ್ ಚಿಪ್‌ಸೆಟ್ 1998ರದು. ಗಟ್ಟಿ ಬಾಳಿಕೆಗೆ ಹೆಸರಾದದ್ದು. ಆಮೇಲೆ ಬಂದ 256 ಮೆಗಾಬಿಟ್ ಸಾಂದ್ರತೆಯ ಚಿಪ್ಪುಗಳ ವಿಳಾಸದ ಅಳತೆ ಅದಕ್ಕೆ ಗೊತ್ತಿರಲಿಲ್ಲ. ಎಂಟು ಚಿಪ್ಪಿನ 256 ಎಂಬಿ ಪಟ್ಟಿ ಹಾಕಿದರೆ 128 ಎಂಬಿ ಕಾಣುತ್ತಿತ್ತು. ಹದಿನಾರು ಚಿಪ್ಪಿನ, ಅಷ್ಟೇ ಗಾತ್ರದ ಪಟ್ಟಿ ಹಾಕಿದರೆ ಪೂರಾ ಕಾಣುತ್ತಿತ್ತು. ಸರಿಯಾಗಿ ಅರ್ಧ ಕಂಡರೆ ಚಿಪ್ಪುಗಳನ್ನು ಎಣಿಸು ಎಂಬ ರಿಪೇರಿಯವರ ಪಾಠ ಹುಟ್ಟಿದ್ದು ಇಂಥ ಬೋರ್ಡುಗಳಿಂದ. ವಿಂಡೋಸ್ 98ರದು ಇದಕ್ಕೆ ತಿರುವುಮುರುವು. 512 ಎಂಬಿಗಿಂತ ಹೆಚ್ಚು ರ‍್ಯಾಮ್ ಇದ್ದಾಗ ಅದರ ಫೈಲ್ ಕ್ಯಾಶ್ ತನ್ನ ಗಾತ್ರವನ್ನು ವಿಪರೀತ ಹಿಗ್ಗಿಸಿಕೊಂಡು, ಸಿಸ್ಟಂನ ಸ್ವಂತ ವಿಳಾಸವನ್ನೆಲ್ಲ ನುಂಗಿ, ಮೆಮೊರಿ ಸಾಲದು ಎಂಬ ದೂರು ತರುತ್ತಿತ್ತು. ಮೆಮೊರಿ ಹೆಚ್ಚಾದದ್ದಕ್ಕೆ ಮೆಮೊರಿ ಸಾಲದಾದ ಈ ಪ್ರಸಂಗಕ್ಕೆ ಮೈಕ್ರೋಸಾಫ್ಟ್ ಸೂಚಿಸಿದ ಪರಿಹಾರ, ಸಿಸ್ಟಂ ಫೈಲಿನಲ್ಲಿ ಒಂದು ಸಾಲು ಸೇರಿಸಿ ಕ್ಯಾಶ್‌ಗೆ ಮಿತಿ ಹಾಕುವುದು.

ಇವೆಲ್ಲ ತಿಳಿದವರ ವಲಯದಲ್ಲೇ ಉಳಿದ ತೊಂದರೆಗಳು. 4 ಜಿಬಿಯದು ಹಾಗಲ್ಲ. ಹತ್ತಿರ ಹತ್ತಿರ 2005ರಿಂದ 2010ರವರೆಗೆ ಅದು ಮನೆಮನೆಯ ದೂರಾಯಿತು. 2 ಜಿಬಿಯ ಎರಡು ಪಟ್ಟಿ ಕೊಂಡು ತಂದು ಹಾಕಿದರೆ ವಿಂಡೋಸ್ ಎಕ್ಸ್‌ಪಿ 3.25 ಎಂದೋ 3.5 ಎಂದೋ ತೋರಿಸುವುದು. ಕೆಲವೆಡೆ 3ಕ್ಕೂ ಕಡಿಮೆ. ಅಂಗಡಿಗೆ ಒಯ್ದು ಪಟ್ಟಿ ಬದಲಿಸಿ ತಂದರೂ ಅದೇ ಸಂಖ್ಯೆ.

ಕಾರಣ 1981ರದೇ, ಸೊನ್ನೆಗಳು ಮಾತ್ರ ಹೆಚ್ಚಿದ್ದವು. 386 ಮತ್ತು ಅದರ ನಂತರದ ಪ್ರೊಸೆಸರುಗಳು ಮೊದಲ ಆದೇಶವನ್ನು ಓದುವುದು 4 ಜಿಬಿ ತುದಿಗಿಂತ 16 ಬೈಟ್ ಕೆಳಗಿನಿಂದ. ಹಾಗಾಗಿ ಬಯಾಸ್ ಮತ್ತೆ ತುದಿಯಲ್ಲಿ ಕೂತಿತು. 1992ರಲ್ಲಿ ಪಿಸಿಐ ಕಾರ್ಡುಗಳ ಕ್ರಮ ರೂಪುಗೊಂಡಾಗ ಪ್ರತಿ ಕಾರ್ಡೂ ತನಗಿಷ್ಟು ವಿಳಾಸ ಬೇಕೆಂದು ಕೇಳುವುದು, ಬಯಾಸ್ ತುದಿಯಿಂದ ಕೆಳಕ್ಕೆ ಹಂಚುತ್ತ ಬರುವುದು ಎಂದಾಯಿತು. ಆಗಿನ ಯಂತ್ರದಲ್ಲಿ ಹೆಚ್ಚೆಂದರೆ 8 ಅಥವಾ 16 ಎಂಬಿ ರ‍್ಯಾಮ್. 4 ಜಿಬಿ ತುದಿ ಎಂದರೆ ಕಣ್ಣಿಗೆ ಕಾಣದಷ್ಟು ದೂರ. ಹದಿಮೂರು ವರ್ಷಗಳಲ್ಲಿ ರ‍್ಯಾಮ್ ಕೆಳಗಿನಿಂದ ಬೆಳೆದು ಬಂದು ಆ ಮೀಸಲು ಜಾಗಕ್ಕೆ ತಗುಲಿತು. ಅಷ್ಟರಲ್ಲಿ ಮೀಸಲು ಜಾಗವೂ ಕೆಳಕ್ಕೆ ಇಳಿದಿತ್ತು. ಪಿಸಿಐ ಎಕ್ಸ್‌ಪ್ರೆಸ್ ತನ್ನ ಸಾಧನಗಳ ವಿವರ ಇಡುವುದಕ್ಕೇ 256 ಎಂಬಿ ವಿಳಾಸ ಹಿಡಿಯುತ್ತದೆ: 256 ಬಸ್, ಒಂದೊಂದರಲ್ಲಿ 32 ಸಾಧನ, ಒಂದೊಂದಕ್ಕೆ 8 ಕೆಲಸ, ಒಂದೊಂದು ಕೆಲಸಕ್ಕೆ 4 ಕೆಬಿ. ಸಾಧನ ಇರಲಿ ಬಿಡಲಿ, ಜಾಗ ಮಾತ್ರ ಅಷ್ಟೂ ಹೋಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಇನ್ನೊಂದು 256 ಎಂಬಿ ಅಥವಾ 512 ಎಂಬಿ ಕೇಳುತ್ತದೆ. ದೊಡ್ಡ ಕಾರ್ಡು ಹಾಕಿದಷ್ಟೂ ವಿಂಡೋಸ್ ತೋರಿಸುವ ಮೆಮೊರಿ ಕುಗ್ಗುವುದು ಇದರಿಂದ. ಮೈಕ್ರೋಸಾಫ್ಟ್‌ನ ಮಾರ್ಕ್ ರಸಿನೋವಿಚ್ 2008ರಲ್ಲಿ ಬರೆದ ಲೇಖನದಲ್ಲಿ 1 ಜಿಬಿಯ ಎರಡು ಗ್ರಾಫಿಕ್ಸ್ ಕಾರ್ಡುಗಳಿದ್ದ 4 ಜಿಬಿ ಯಂತ್ರವೊಂದರ ಉದಾಹರಣೆ ಇದೆ. 32 ಬಿಟ್ ವಿಂಡೋಸ್ ವಿಸ್ಟಾಗೆ ಅದರಲ್ಲಿ ದಕ್ಕಿದ್ದು 2.2 ಜಿಬಿ.

ಮುಚ್ಚಿಹೋದ ರ‍್ಯಾಮನ್ನು ಎತ್ತಿ 4 ಜಿಬಿ ಆಚೆಗಿನ ವಿಳಾಸದಲ್ಲಿ ಇಡಲು ಬರುತ್ತದೆ. ಬಯಾಸ್‌ನಲ್ಲಿ ಮೆಮೊರಿ ರೀಮ್ಯಾಪ್ ಎಂಬ ಆಯ್ಕೆ ಇರುವುದು ಅದಕ್ಕೆ. ಆದರೆ ಚಿಪ್‌ಸೆಟ್‌ಗೆ ಆ ಆಚೆ ಎಂಬುದು ಇರಬೇಕಲ್ಲ. 2005ರ ಇಂಟೆಲ್ 945 ಸರಣಿಗೆ ಇರಲಿಲ್ಲ, 2006ರ 965 ಸರಣಿಗೆ ಇತ್ತು. ಮೊದಲನೆಯದರ ಮೇಲೆ 64 ಬಿಟ್ ಆಪರೇಟಿಂಗ್ ಸಿಸ್ಟಂ ಹಾಕಿದರೂ 3 ಚಿಲ್ಲರೆ ಜಿಬಿಗಿಂತ ಹೆಚ್ಚು ಕಾಣದು. ಆ ಕಾಲದ ಲ್ಯಾಪ್‌ಟಾಪ್‌ಗಳು ಎಷ್ಟೋ ಈ ಸರಣಿಯವೇ ಆಗಿದ್ದುದರಿಂದ, 64 ಬಿಟ್ ಹಾಕಿಸಿದರೆ ಸರಿಹೋಗುತ್ತದೆ ಎಂಬ ಸಲಹೆ ಕೇಳಿ ಎರಡೆರಡು ಸಲ ದುಡ್ಡು ಕಳೆದವರಿದ್ದರು.

32 ಬಿಟ್ ವಿಂಡೋಸ್‌ನ ಕತೆಯಲ್ಲಿ ತಾಂತ್ರಿಕ ಕಾರಣವೂ ಒಂದು ಆಡಳಿತದ ತೀರ್ಮಾನವೂ ಬೆರೆತಿವೆ. 1995ರ ಪೆಂಟಿಯಂ ಪ್ರೊ ಪ್ರೊಸೆಸರೇ ಪಿಎಇ ಎಂಬ ಕ್ರಮದಲ್ಲಿ 36 ಬಿಟ್ ವಿಳಾಸ, ಅಂದರೆ 64 ಜಿಬಿ ತಲುಪುತ್ತಿತ್ತು. 32 ಬಿಟ್ಟಿನ ವಿಂಡೋಸ್ 2000 ಡೇಟಾಸೆಂಟರ್ ಸರ್ವರ್ 32 ಜಿಬಿ ನಿಭಾಯಿಸುತ್ತಿತ್ತು. 32 ಬಿಟ್ ಲಿನಕ್ಸ್‌ನಲ್ಲೂ ಪಿಎಇ ಇದ್ದ ಕರ್ನಲ್ ಹಾಕಿದರೆ 4 ಜಿಬಿ ಪೂರಾ ಸಿಗುತ್ತಿತ್ತು. ಎಕ್ಸ್‌ಪಿಯಲ್ಲಿ 2004ರ ಎರಡನೇ ಸರ್ವಿಸ್ ಪ್ಯಾಕ್‌ನಿಂದ ಹೊಸ ಪ್ರೊಸೆಸರುಗಳ ಮೇಲೆ ಪಿಎಇ ತಾನಾಗಿ ಚಾಲೂ ಇರುತ್ತಿತ್ತು, ಆದರೆ 4 ಜಿಬಿ ಮೇಲಿನ ವಿಳಾಸಗಳನ್ನು ಬೇಕೆಂದೇ ಕೈಬಿಡಲಾಗಿತ್ತು. ಮನೆ ಯಂತ್ರಗಳ ಆಡಿಯೋ, ವಿಡಿಯೋ ಡ್ರೈವರುಗಳು 32 ಬಿಟ್‌ಗಿಂತ ಉದ್ದದ ವಿಳಾಸ ಬಂದರೆ ತಲೆಯ ಭಾಗವನ್ನು ಕತ್ತರಿಸಿ, ತಪ್ಪು ಜಾಗದಲ್ಲಿ ಬರೆದು, ಯಂತ್ರವನ್ನೇ ಕೆಡವುತ್ತಿದ್ದವು ಎಂಬುದು ಮೈಕ್ರೋಸಾಫ್ಟ್ ಕೊಟ್ಟ ಕಾರಣ. ಕಾರಣ ಸುಳ್ಳಲ್ಲ. ಆದರೂ ಸರ್ವರ್ ಆವೃತ್ತಿಗೆ ಆಗುವುದು ಮನೆಯ ಆವೃತ್ತಿಗೆ ಆಗದು ಎಂದಾಗ ಜನ ವ್ಯಾಪಾರದ ಲೆಕ್ಕವನ್ನೇ ಕಂಡರೆ ಆಶ್ಚರ್ಯವಿಲ್ಲ.

ಎಎಂಡಿ ಕಂಪನಿ 2003ರ ಏಪ್ರಿಲ್‌ನಲ್ಲಿ ಆಪ್ಟೆರಾನ್, ಸೆಪ್ಟೆಂಬರಿನಲ್ಲಿ ಅಥ್ಲಾನ್ 64 ತಂದಾಗಲೇ 64 ಬಿಟ್ ದಾರಿ ತೆರೆದಿತ್ತು. ಎಕ್ಸ್‌ಪಿಯ 64 ಬಿಟ್ ಆವೃತ್ತಿ 2005ರಲ್ಲಿ ಬಂದರೂ ಪ್ರಿಂಟರಿಗೂ ಸ್ಕ್ಯಾನರಿಗೂ ಡ್ರೈವರ್ ಸಿಗದೆ ಅದು ಹರಡಲಿಲ್ಲ. ಈ ಮಧ್ಯೆ ದೂರುಗಳಿಗೆ ಬೇಸತ್ತೋ ಏನೋ, ವಿಸ್ಟಾದ ಮೊದಲ ಸರ್ವಿಸ್ ಪ್ಯಾಕ್‌ನಲ್ಲಿ ತೋರಿಸುವ ಸಂಖ್ಯೆಯನ್ನೇ ಬದಲಿಸಲಾಯಿತು: ಬಳಕೆಗೆ ಸಿಗುವಷ್ಟರ ಬದಲು ಹಾಕಿದಷ್ಟನ್ನು ತೋರಿಸುವುದು. ಮೆಮೊರಿ ಒಂದು ಬೈಟೂ ಹೆಚ್ಚಲಿಲ್ಲ, ದೂರು ಮಾತ್ರ ಕಡಿಮೆಯಾಯಿತು. 2009ರ ವಿಂಡೋಸ್ 7 ಎರಡನ್ನೂ ಒಟ್ಟಿಗೆ ಕೊಟ್ಟಿತು: ಹಾಕಿದ್ದು 4.00 ಜಿಬಿ, ಪಕ್ಕದ ಕಂಸದಲ್ಲಿ ಬಳಸಬಹುದಾದದ್ದು 3.25. ಅದರ ರಿಸೋರ್ಸ್ ಮಾನಿಟರಿನಲ್ಲಿ ಹಾರ್ಡ್‌ವೇರ್ ಮೀಸಲು ಎಂಬ ಬೂದು ಬಣ್ಣದ ತುಂಡು ಕಾಣುತ್ತದೆ. ಕಾಣೆಯಾದ ಮುಕ್ಕಾಲು ಜಿಬಿ ಅಲ್ಲಿರುತ್ತದೆ. ಇದರ ಜೊತೆಗೆ ಲೈಸೆನ್ಸಿನ ಮಿತಿಗಳೂ ಇದ್ದವು. 64 ಬಿಟ್ ವಿಂಡೋಸ್ 7ರಲ್ಲಿ ಹೋಮ್ ಬೇಸಿಕ್‌ಗೆ 8 ಜಿಬಿ, ಹೋಮ್ ಪ್ರೀಮಿಯಂಗೆ 16 ಜಿಬಿ, ಪ್ರೊಫೆಷನಲ್‌ಗೆ 192 ಜಿಬಿ. 16 ಹಾಕಿ 8 ಕಂಡವರು ರ‍್ಯಾಮನ್ನಲ್ಲ, ವಿಂಡೋಸ್ ಆವೃತ್ತಿಯನ್ನು ನೋಡಬೇಕಿತ್ತು.

ಮೆಮೊರಿಯನ್ನು ನಿಯಂತ್ರಿಸುವ ಭಾಗ ಚಿಪ್‌ಸೆಟ್‌ನಿಂದ ಪ್ರೊಸೆಸರಿನೊಳಕ್ಕೆ ಸರಿದದ್ದು ಈ ದೋಷದ ಹುಡುಕಾಟವನ್ನು ಬೇರೆ ಕಡೆಗೆ ತಿರುಗಿಸಿತು. ಎಎಂಡಿಯಲ್ಲಿ ಇದು 2003ರಲ್ಲಿ, ಇಂಟೆಲ್‌ನ ಮೊದಲ ಕೋರ್ ಐ7ನಲ್ಲಿ 2008ರ ನವೆಂಬರಿನಲ್ಲಿ ಆಯಿತು. ಅಲ್ಲಿಂದ ಮೆಮೊರಿಯ ತಂತಿಗಳು ನೇರ ಪ್ರೊಸೆಸರ್ ಸಾಕೆಟ್ಟಿಗೆ ಹೋಗುತ್ತವೆ. ಇಂಟೆಲ್ ಸಾಕೆಟ್ಟಿನಲ್ಲಿ ಕೂದಲೆಳೆಯಂಥ ಪಿನ್ನೊಂದು ಬಾಗಿದ್ದರೆ, ಕೂಲರಿನ ಸ್ಕ್ರೂ ಒಂದು ಕಡೆ ಬಿಗಿಯಾಗಿ ಇನ್ನೊಂದು ಕಡೆ ಸಡಿಲವಾಗಿದ್ದರೆ, ಮೆಮೊರಿಯ ಒಂದು ಚಾನೆಲ್, ಅಂದರೆ ಒಂದು ಗುಂಪಿನ ತಂತಿಗಳ ದಾರಿ, ಪೂರ್ತಿ ಹೋಗುತ್ತದೆ. ಮೂರು ಚಾನೆಲ್ಲಿನ ಐ7 ಯಂತ್ರದಲ್ಲಿ 12 ಜಿಬಿ ಹಾಕಿ 8 ಕಂಡಾಗ ರ‍್ಯಾಮ್ ಬದಲಿಸಿ ಪ್ರಯೋಜನವಿಲ್ಲ, ಕೂಲರ್ ಬಿಚ್ಚಿ ಪ್ರೊಸೆಸರನ್ನು ಎತ್ತಿ ನೋಡಬೇಕು.

ಎಲ್ಲಕ್ಕೂ ಮುಂಚೆ ಮಾಡುವ ಕೆಲಸ ಮಾತ್ರ ಬದಲಾಗಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲಿ ಕ್ಯಾಬಿನೆಟ್ ಬಿಚ್ಚಿದ ಹುಡುಗ ಮೊದಲು ಕೈಗೆತ್ತಿಕೊಳ್ಳುವುದು ಶಾಲೆಯ ರಬ್ಬರು. ಪಟ್ಟಿಯ ಅಂಚಿನ ಹೊಂಬಣ್ಣದ ಪಟ್ಟೆಗಳನ್ನು ಎರಡೂ ಕಡೆ ಉಜ್ಜಿ, ಪುಡಿ ಊದಿ, ಸ್ಲಾಟಿನ ಧೂಳು ಬ್ರಷ್ಷಿನಿಂದ ತೆಗೆದು, ಎರಡೂ ತುದಿಯ ಹಿಡಿಕೆಗಳು ‘ಟಕ್’ ಎನ್ನುವವರೆಗೆ ಒತ್ತುತ್ತಾನೆ. ಪಟ್ಟೆಯ ಮೇಲಿನ ಕೊಳೆ, ಆಕ್ಸೈಡ್ ಪದರ ಹೋದರೆ ಸಾಕು, ಎಷ್ಟೋ ಯಂತ್ರಗಳು ಅಲ್ಲೇ ಸರಿಯಾಗುತ್ತವೆ. ರಬ್ಬರು ಜೋರಾಗಿ ಉಜ್ಜಿದರೆ ತೆಳು ಚಿನ್ನದ ಲೇಪವೂ ಸವೆಯುತ್ತದೆ ಎಂದು ಪುಸ್ತಕ ಬಲ್ಲವರು ಆಕ್ಷೇಪಿಸುತ್ತಾರೆ. ಅವರು ಹೇಳುವ ಐಸೊಪ್ರೊಪೈಲ್ ಆಲ್ಕೋಹಾಲ್ ಮೇಲಾದರೂ ಬೀದಿಯಲ್ಲಿ ಗೆದ್ದಿರುವುದು ರಬ್ಬರೇ.

ಅದಾದ ಮೇಲಿನ ಹುಡುಕಾಟ ಮೂರು ಲೆಕ್ಕಗಳ ನಡುವೆ ವ್ಯತ್ಯಾಸ ಎಲ್ಲಿ ಹುಟ್ಟಿತು ಎಂಬುದನ್ನು ಅನುಸರಿಸುತ್ತದೆ. ಬಯಾಸ್ ಪರದೆಯಲ್ಲೇ ಕಡಿಮೆ ಕಂಡರೆ ತೊಂದರೆ ಪಟ್ಟಿ, ಸ್ಲಾಟು, ಸಾಕೆಟ್ಟು ಅಥವಾ ಬೋರ್ಡಿನ ಮಿತಿಯಲ್ಲಿದೆ. ಒಂದೊಂದೇ ಪಟ್ಟಿಯನ್ನು ಒಂದೊಂದೇ ಸ್ಲಾಟಿನಲ್ಲಿ ಹಾಕಿ ನೋಡಿದರೆ ದೋಷ ಪಟ್ಟಿಯ ಜೊತೆ ಓಡಾಡುತ್ತದೆಯೋ ಸ್ಲಾಟಿನಲ್ಲೇ ಉಳಿಯುತ್ತದೆಯೋ ಗೊತ್ತಾಗುತ್ತದೆ. ಬಯಾಸ್‌ನಲ್ಲಿ ಪೂರಾ ಕಂಡು ವಿಂಡೋಸ್‌ನಲ್ಲಿ ಕಡಿಮೆಯಾದರೆ ರ‍್ಯಾಮಿನ ಮೇಲಿನ ಅನುಮಾನ ಬಿಡಬಹುದು. 32 ಬಿಟ್ ಆವೃತ್ತಿ, ಲೈಸೆನ್ಸಿನ ಮಿತಿ, ರೀಮ್ಯಾಪ್ ಆಯ್ಕೆ ಇವು ಒಂದು ಕಡೆ. ವಿಂಡೋಸ್ ಹೊಂದಿಕೆಯ ಎಂಎಸ್‌ಕಾನ್ಫಿಗ್ ಉಪಕರಣದಲ್ಲಿ ಗರಿಷ್ಠ ಮೆಮೊರಿ ಎಂಬ ಗುರುತು ಇನ್ನೊಂದು ಕಡೆ. ಅದು ತಂತ್ರಾಂಶ ಪರೀಕ್ಷಿಸುವವರು ಮೆಮೊರಿ ಕಡಿಮೆಯಿದ್ದಂತೆ ನಟಿಸಲು ಇಟ್ಟದ್ದು. ಟಿಕ್ ಹಾಕಿದರೆ ವೇಗ ಹೆಚ್ಚುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಹಾಕಿದವರ ಯಂತ್ರದಲ್ಲಿ ಅದೇ ಮೆಮೊರಿಯನ್ನು ಮೊಟಕು ಮಾಡಿರುತ್ತದೆ. ಗ್ರಾಫಿಕ್ಸ್ ಪ್ರೊಸೆಸರಿನೊಳಗೇ ಇರುವ ಲ್ಯಾಪ್‌ಟಾಪ್‌ಗಳಲ್ಲಿ 8 ಜಿಬಿಗೆ 5.9 ಕಂಡರೆ ದೋಷವೇ ಅಲ್ಲ; ಪರದೆಗೆಂದು 2 ಜಿಬಿ ತೆಗೆದಿಟ್ಟಿರುತ್ತದೆ, ಬಯಾಸ್ ಬಿಟ್ಟುಕೊಟ್ಟರೆ ಅದನ್ನು ಇಳಿಸಬಹುದು. ಚಿಪ್ಪೇ ಕೆಟ್ಟಿದೆಯೇ ಎಂದು ತಿಳಿಯಲು ಕ್ರಿಸ್ ಬ್ರೇಡಿ 1994ರಲ್ಲಿ ಬರೆದ ಮೆಮ್‌ಟೆಸ್ಟ್86 ಇಂದಿಗೂ ಬಳಕೆಯಲ್ಲಿದೆ. ಅದು ಕಂಡ ಮೆಮೊರಿಯನ್ನು ಮಾತ್ರ ಪರೀಕ್ಷಿಸಬಲ್ಲದು, ಕಾಣದ್ದನ್ನಲ್ಲ.

ಈಚಿನ ಗ್ರಾಫಿಕ್ಸ್ ಕಾರ್ಡುಗಳು ತಮ್ಮ ಇಡೀ ಮೆಮೊರಿಗೆ, 8 ಅಥವಾ 16 ಜಿಬಿಗೆ, ವಿಳಾಸ ಕೇಳುತ್ತವೆ. ರೀಸೈಸಬಲ್ ಬಾರ್ ಎಂಬ ಈ ಸೌಲಭ್ಯ 2020ರಿಂದ ಮನೆ ಯಂತ್ರಗಳಲ್ಲಿ ಹರಡಿತು. ಅದಕ್ಕೆ ಬಯಾಸ್‌ನಲ್ಲಿ 4 ಜಿಬಿ ಮೇಲಿನ ವಿಳಾಸ ಹಂಚುವ ಆಯ್ಕೆ ಚಾಲೂ ಇರಬೇಕು. ಸಾಧನಗಳು ತಾವಾಗಿ ಮೇಲಕ್ಕೆ ಹೋದದ್ದರಿಂದ 4 ಜಿಬಿ ಕೆಳಗಿನ ನೂಕುನುಗ್ಗಲು ತಗ್ಗಿತು. ಸುದ್ದಿ ತಲುಪದ ತೊಂದರೆ ಮಾತ್ರ ಉಳಿದಿದೆ. 2023ರಲ್ಲಿ 24 ಮತ್ತು 48 ಜಿಬಿಯ ಡಿಡಿಆರ್5 ಪಟ್ಟಿಗಳು ಮಾರುಕಟ್ಟೆಗೆ ಬಂದವು. ಅಲ್ಲಿಯವರೆಗೆ 8, 16, 32 ಎಂದು ಇಮ್ಮಡಿಯಾಗುತ್ತ ಬಂದ ಗಾತ್ರಗಳನ್ನೇ ನೋಡಿದ್ದ ಮದರ್‌ಬೋರ್ಡುಗಳಿಗೆ ಈ ನಡುವಿನ ಅಳತೆ ಅರ್ಥವಾಗಲಿಲ್ಲ. ತಯಾರಕರು ಒಬ್ಬರಾದ ಮೇಲೆ ಒಬ್ಬರು ಹೊಸ ಬಯಾಸ್ ಬಿಡಬೇಕಾಯಿತು. ಅದನ್ನು ಹಾಕಿದ ಬೋರ್ಡುಗಳಲ್ಲಿ ನಾಲ್ಕು ಪಟ್ಟಿಗೆ 192 ಜಿಬಿ ಕಾಣುತ್ತದೆ.